ದಪ್ಪವಾದುದೆಲ್ಲ ಗಟ್ಟಿಯಲ್ಲ: ಪಾಲಿಕಾರ್ಬೊನೇಟ್ ದುಂಡು ಸರಳುಗಳ ಗುಣಾವಗುಣ

(ಉಪನ್ಯಾಸದ ಪಠ್ಯ)



ಪ್ಲಾಸ್ಟಿಕ್ ಎಂದೊಡನೆ ಕೈಚೀಲ, ಗುಟ್ಕಾ ಪೊಟ್ಟಣ, ನೀರಿನ ಬಾಟಲಿಗಳು ಕಣ್ಣ ಮುಂದೆ ಬರುತ್ತವೆ. ಗಳಿಗೆಯ ಬಳಕೆಗಾಗಿ ಹುಟ್ಟಿ ಹಳ್ಳದ ದಡದಲ್ಲಿ ವರ್ಷಗಟ್ಟಲೆ ಬಿದ್ದಿರುವ ವಸ್ತುಗಳವು. ಯಂತ್ರಗಳ ಬಿಡಿಭಾಗವಾಗಿ ಲೋಹ ಮತ್ತು ಗಾಜಿನ ಸ್ಥಾನದಲ್ಲಿ ನಿಲ್ಲುವ ಪ್ಲಾಸ್ಟಿಕ್ಕಿನ ಕುಲವೇ ಬೇರೆ. ಅಡಿಕೆ ಒಣಗಿಸುವ ಚಪ್ಪರಗಳ ಮೇಲೆ ಕಾಣುವ ಪಾರದರ್ಶಕ ಹಾಳೆ, ಪೊಲೀಸರ ಗುರಾಣಿ, 20 ಲೀಟರಿನ ನೀಲಿ ನೀರಿನ ಜಾಡಿ ಇವುಗಳಲ್ಲಿ ಅನೇಕವು ಪಾಲಿಕಾರ್ಬೊನೇಟಿನವು. ಇದೇ ವಸ್ತುವನ್ನು ತೋಳಿನ ಗಾತ್ರದ, ಕೆಲವೊಮ್ಮೆ ತೊಡೆಯ ಗಾತ್ರದ ದುಂಡು ಸರಳುಗಳಾಗಿಯೂ ತಯಾರಿಸುತ್ತಾರೆ. ಕಾರ್ಯಾಗಾರಗಳಲ್ಲಿ ಇವುಗಳಿಗೆ ರಾಡ್ ಎಂದೇ ಹೆಸರು. ಇವುಗಳನ್ನು ಕುರುಡಾಗಿ ಮೆಚ್ಚುವುದೂ ಸಲ್ಲದು, ಕುರುಡಾಗಿ ಜರಿಯುವುದೂ ಸಲ್ಲದು. ಗುಣವನ್ನು ಅರಿತು ತೂಗಿ ನೋಡುವುದೇ ಪರಿಸರವಾದಿಯ ಕರ್ತವ್ಯ.

ಹುಟ್ಟು

1953ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯ ಹರ್ಮನ್ ಶ್ನೆಲ್ ಹಾಗೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಡೇನಿಯಲ್ ಫಾಕ್ಸ್ ಪರಸ್ಪರ ಅರಿವಿಲ್ಲದೆಯೇ ಈ ವಸ್ತುವನ್ನು ಕಂಡುಕೊಂಡರು. ಮ್ಯಾಕ್ರೊಲಾನ್ ಮತ್ತು ಲೆಕ್ಸಾನ್ ಎಂಬ ವ್ಯಾಪಾರನಾಮಗಳು ಅಲ್ಲಿಂದ ಬಂದವು. ಬಹುಪಾಲು ಕಾರ್ಖಾನೆಗಳಲ್ಲಿ ಇದರ ಮೂಲದ್ರವ್ಯಗಳು ಎರಡು: ಬಿಸ್ಫೆನಾಲ್-ಎ ಮತ್ತು ಫಾಸ್ಜೀನ್. ಫಾಸ್ಜೀನ್ ಮೊದಲನೆಯ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರನ್ನು ಕೊಂದ ವಿಷಾನಿಲ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟನ್ನು ತಯಾರಿಸುತ್ತಿದ್ದುದೂ ಫಾಸ್ಜೀನಿನಿಂದಲೇ. ಸಿದ್ಧವಾದ ಸರಳಿನಲ್ಲಿ ಆ ಅನಿಲವಿರುವುದಿಲ್ಲ. ಆದರೆ ಅದನ್ನು ತಯಾರಿಸುವ ಊರಿನ ಪಕ್ಕದಲ್ಲಿ ಅಪಾಯವಿರುತ್ತದೆ. 2002ರಲ್ಲಿ ತೈವಾನಿನಲ್ಲಿ ಫಾಸ್ಜೀನಿಲ್ಲದೆ, ಇಂಗಾಲದ ಡೈಆಕ್ಸೈಡನ್ನು ಬಳಸಿ ಪಾಲಿಕಾರ್ಬೊನೇಟ್ ತಯಾರಿಸುವ ಕಾರ್ಖಾನೆ ಆರಂಭವಾಯಿತು. ಬಿಸ್ಫೆನಾಲ್ ಮಾತ್ರ ಅಲ್ಲಿಯೂ ಅನಿವಾರ್ಯ.

ದಪ್ಪ ಸರಳಿನ ತಯಾರಿಕೆ

ಒಣಗಿಸಿದ ಹರಳುಗಳನ್ನು ಕರಗಿಸಿ, ಚಕ್ಕುಲಿಯ ಒರಳಿನಿಂದ ಹಿಟ್ಟನ್ನು ಒತ್ತುವಂತೆ ದುಂಡು ಅಚ್ಚಿನ ಮೂಲಕ ಹೊರಕ್ಕೆ ಒತ್ತುತ್ತಾರೆ. ಹರಳುಗಳಲ್ಲಿ ತುಸು ತೇವ ಉಳಿದರೂ ಸರಳು ಕೆಡುತ್ತದೆ. ತೆಳು ಸರಳು ಬೇಗ ಆರುತ್ತದೆ. ದಪ್ಪ ಸರಳಿನ ಕಷ್ಟ ಬೇರೆ. ಪ್ಲಾಸ್ಟಿಕ್ ಶಾಖವನ್ನು ಸುಲಭವಾಗಿ ಹರಿಯಗೊಡದು. ಹೊರಮೈ ಗಟ್ಟಿಯಾದಾಗಲೂ ಒಡಲು ಕರಗಿಯೇ ಇರುತ್ತದೆ. ನಿಧಾನವಾಗಿ ಆರುತ್ತ ಅದು ಕುಗ್ಗಿದಾಗ ನಡುವೆ ಪೊಳ್ಳು ಗುಳ್ಳೆಗಳು ಮೂಡುತ್ತವೆ, ಒಳಗೆ ಬಿಗಿತ ಉಳಿಯುತ್ತದೆ. ಆದುದರಿಂದಲೇ ದಪ್ಪ ಸರಳನ್ನು ಒತ್ತಡದಲ್ಲಿ ಬಲು ನಿಧಾನವಾಗಿ ಎಳೆದು, ಬಳಿಕ ಮಂದ ಶಾಖದಲ್ಲಿ ಗಂಟೆಗಟ್ಟಲೆ ಇರಿಸಿ ಹದಗೊಳಿಸುತ್ತಾರೆ. ಹದ ತಪ್ಪಿದ ಸರಳು ಲೇತಿನ ಮೇಲೆ ಚೆನ್ನಾಗಿಯೇ ತಿರುಗೀತು. ತಿಂಗಳುಗಳ ನಂತರ ತಾನಾಗಿ ಬಿರಿದೀತು.

ಗುಣಗಳು

ಪಾಲಿಕಾರ್ಬೊನೇಟಿನ ಸಾಂದ್ರತೆ ನೀರಿನ 1.2 ಪಟ್ಟು. 150 ಮಿಲಿಮೀಟರ್ ವ್ಯಾಸದ ಒಂದು ಮೀಟರ್ ಸರಳು ಸುಮಾರು 21 ಕಿಲೋ ತೂಗುತ್ತದೆ; ಅದೇ ಗಾತ್ರದ ಉಕ್ಕು ಸುಮಾರು 139 ಕಿಲೋ. ಬೆಳಕು ಇದರ ಮೂಲಕ ಗಾಜಿನಲ್ಲಿ ಹಾಯುವಂತೆಯೇ ಹಾಯುತ್ತದೆ. ವಿದ್ಯುತ್ತನ್ನು ಇದು ಹರಿಯಗೊಡದು. ಸುಮಾರು 147 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೆತ್ತಗಾಗುವ ಈ ವಸ್ತು 115 ಡಿಗ್ರಿಯವರೆಗೆ ಒಣಶಾಖವನ್ನು ತಾಳಿಕೊಳ್ಳುತ್ತದೆ. ಬಡಿತವನ್ನು ತಾಳುವ ಶಕ್ತಿಯೇ ಇದರ ದೊಡ್ಡ ಹೆಸರು.

ಆ ಹೆಸರಿನಲ್ಲಿಯೇ ಒಂದು ಮೋಸವೂ ಅಡಗಿದೆ. ಸುತ್ತಿಗೆಯ ಏಟಿಗೆ ಒಡೆಯದ ಮೂರು ಮಿಲಿಮೀಟರ್ ಹಾಳೆಯನ್ನು ಕಂಡವರು, ನೂರು ಮಿಲಿಮೀಟರ್ ಸರಳು ಅದಕ್ಕಿಂತ ಎಷ್ಟೋ ಪಟ್ಟು ಗಟ್ಟಿಯೆಂದು ಭಾವಿಸುತ್ತಾರೆ. ನಿಜ ಸಂಗತಿ ಹಾಗಿಲ್ಲ. ತೆಳುವಾಗಿದ್ದಾಗ ಪಾಲಿಕಾರ್ಬೊನೇಟ್ ಬಾಗಿ, ಹಿಗ್ಗಿ ಏಟನ್ನು ನುಂಗುತ್ತದೆ. ಕೆಲವೇ ಮಿಲಿಮೀಟರ್ ದಪ್ಪವನ್ನು ದಾಟಿದ ಮೇಲೆ, ಚೂಪಾದ ಕಚ್ಚು ಇರುವೆಡೆ ಅದಕ್ಕೆ ಹಿಗ್ಗಲು ಎಡೆಯಿರುವುದಿಲ್ಲ, ಗಾಜಿನಂತೆ ಸೀಳುತ್ತದೆ. ಆದಕಾರಣ ದಪ್ಪ ಸರಳಿನಲ್ಲಿ ಮೂಲೆಗಳನ್ನು ದುಂಡಾಗಿ ಕೊರೆಯಬೇಕು. ಚೂಪಾದ ಕಚ್ಚಾಗಲಿ ಗೀರಾಗಲಿ ಉಳಿಯಬಾರದು.

ಬಿಗುವಿನಲ್ಲಿಯೂ ಇದು ಉಕ್ಕಿಗೆ ಸಮವಲ್ಲ. ಉಕ್ಕಿನ ಎಂಬತ್ತರಲ್ಲಿ ಒಂದು ಪಾಲಿನಷ್ಟೇ. ಒಂದು ಮೀಟರ್ ಸರಳು 30 ಡಿಗ್ರಿ ಬಿಸಿಯೇರಿದರೆ ಎರಡು ಮಿಲಿಮೀಟರ್ ಹಿಗ್ಗುತ್ತದೆ. ಉಕ್ಕು ಅರ್ಧ ಮಿಲಿಮೀಟರೂ ಹಿಗ್ಗದು.

ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ವಿದ್ಯುತ್ ಉಪಕರಣಗಳ ನಿರೋಧಕ ಭಾಗಗಳು, ಒಳಗಿನ ದ್ರವ ಕಾಣುವಂತಹ ಕವಾಟ ಮತ್ತು ಕಿಂಡಿಗಳು, ನೀರಿನ ಹರಿವನ್ನು ಕಣ್ಣಾರೆ ನೋಡಲು ಪ್ರಯೋಗಾಲಯದಲ್ಲಿ ಬಳಸುವ ಪಾರದರ್ಶಕ ಪಂಪಿನ ಮಾದರಿಗಳು ಇವೆಲ್ಲ ದಪ್ಪ ಸರಳಿನಿಂದ ಕೊರೆದು ಮಾಡುವಂಥವು. ಬೇಕಾದುದು ನಾಲ್ಕೇ ಬಿಡಿಭಾಗಗಳಾದರೆ ದುಬಾರಿ ಅಚ್ಚನ್ನು ಮಾಡಿಸುವ ಬದಲು ಸರಳಿನಿಂದ ಕೊರೆಯುವುದು ವಿವೇಕದ ಮಾರ್ಗ.

ಉಜ್ಜಾಟವಿರುವ ಬೇರಿಂಗಿಗೆ ಇದು ಸಲ್ಲದು. ಅಲ್ಲಿ ನೈಲಾನ್ ಮೇಲು. ಪೆಟ್ರೋಲ್, ಥಿನ್ನರ್, ಅಸಿಟೋನ್ ತಗುಲಿದರೆ ಬಿಗಿತವಿರುವ ಕಡೆ ಕೂದಲೆಳೆಯ ಬಿರುಕುಗಳು ಹಬ್ಬುತ್ತವೆ. ಕ್ಷಾರ ಮತ್ತು ಅಮೋನಿಯ ಇದರ ವೈರಿಗಳು. ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಸಿಡಿಯುವಲ್ಲಿ, ಕೊಟ್ಟಿಗೆಯ ಗಂಜಲ ತಾಗುವಲ್ಲಿ ಇದನ್ನು ನೆಚ್ಚುವಂತಿಲ್ಲ. ತಣ್ಣೀರು ಬಾಧಿಸದು, ಆದರೆ ಸದಾ ಬಿಸಿನೀರು ಅಥವಾ ಹಬೆಯಲ್ಲಿದ್ದರೆ ಇದರ ಅಣುಸರಪಳಿಯೇ ತುಂಡಾಗುತ್ತದೆ. ರಕ್ಷಣೆಯ ಲೇಪವಿಲ್ಲದಿದ್ದರೆ ಬಿಸಿಲಿಗೆ ಹಳದಿಯಾಗಿ ಪೆಡಸಾಗುತ್ತದೆ.

ತುರಿಯ ಲೆಕ್ಕ

150 ಮಿಲಿಮೀಟರ್ ಸರಳಿನ ನಡುವೆ 120 ಮಿಲಿಮೀಟರ್ ರಂಧ್ರ ಕೊರೆದು ಬಳೆಗಳನ್ನು ಮಾಡಿದರೆ, ಸರಳಿನ ಶೇಕಡ 64 ಭಾಗ ತುರಿಯಾಗಿ ಉದುರುತ್ತದೆ. ಒಂದು ಮೀಟರಿನ 21 ಕಿಲೋದಲ್ಲಿ ಬಳಕೆಗೆ ಬರುವುದು ಎಂಟು ಕಿಲೋಗೂ ಕಡಿಮೆ. ಅದೇ ಬಳೆಗೆ ಕೊಳವೆಯನ್ನು ಆರಿಸಿದರೆ ಈ ನಷ್ಟವಿಲ್ಲ.

ಪಾಲಿಥೀನಿನ ಚೂರು ನೀರಿನ ಮೇಲೆ ತೇಲುತ್ತದೆ, ಕಣ್ಣಿಗೆ ಬೀಳುತ್ತದೆ. ಪಾಲಿಕಾರ್ಬೊನೇಟಿನ ತುರಿ ನೀರಿಗಿಂತ ಭಾರ. ಹಳ್ಳ ಸೇರಿದರೆ ತಳಕ್ಕಿಳಿದು, ಮೀನು ಮತ್ತು ಏಡಿಗಳು ಬಾಳುವ ಮರಳಿನಲ್ಲಿ ಬೆರೆತುಹೋಗುತ್ತದೆ. ಸುಟ್ಟರೆ ಇಂಗಾಲದ ಮಾನಾಕ್ಸೈಡೂ ಫೀನಾಲಿನ ಹೊಗೆಯೂ ಏಳುತ್ತವೆ. ಪುನರ್ಬಳಕೆಯ ಸಂಕೇತಗಳಲ್ಲಿ ಇದಕ್ಕೆ ಸಿಕ್ಕಿರುವುದು 7, ಅಂದರೆ ‘ಇತರೆ’. ಬೇರೆ ಪ್ಲಾಸ್ಟಿಕ್ಕಿನೊಡನೆ ಬೆರೆತ ತುರಿಯನ್ನು ಕೊಳ್ಳುವವರು ವಿರಳ. ಬೇರೆಯಾಗಿ, ಶುದ್ಧವಾಗಿ ಕೂಡಿಟ್ಟರೆ ಮಾತ್ರ ಅದು ಮತ್ತೆ ಕರಗಿ ಉಪಯೋಗಕ್ಕೆ ಬರುತ್ತದೆ.

ಬಿಸ್ಫೆನಾಲ್-ಎ ದೇಹದಲ್ಲಿ ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸಬಲ್ಲದೆಂಬುದು 1930ರ ದಶಕದಲ್ಲಿಯೇ ತಿಳಿದಿತ್ತು. ಯುರೋಪಿನ ಒಕ್ಕೂಟವು 2011ರಲ್ಲಿ ಶಿಶುಗಳ ಹಾಲಿನ ಬಾಟಲಿಗಳಲ್ಲಿ ಅದನ್ನು ನಿಷೇಧಿಸಿತು. 2024ರ ಡಿಸೆಂಬರಿನಲ್ಲಿ ಆಹಾರಕ್ಕೆ ತಗುಲುವ ವಸ್ತುಗಳಿಗೂ ನಿಷೇಧವನ್ನು ವಿಸ್ತರಿಸಿ, ಬದಲಾವಣೆಗೆ ಕಾಲಾವಕಾಶ ನೀಡಿತು. ಯಂತ್ರದ ನಿರೋಧಕ ಬಳೆಯಿಂದ ಯಾರ ಊಟಕ್ಕೂ ಕೇಡಿಲ್ಲ. ಆದರೆ ಉಳಿದ ಸರಳಿನ ತುಂಡಿನಿಂದ ಉಪ್ಪಿನಕಾಯಿಯ ಸೌಟು, ಲೋಟಗಳನ್ನು ಮಾಡಿಸಿಕೊಳ್ಳುವ ಜಾಣತನ ಬೇಡ.

ಕೊಳ್ಳುವ ಮುನ್ನ

ಯಾವ ಕಾರ್ಯಾಗಾರದವರೇ ಆಗಲಿ, ಶಾಲೆಯವರೇ ಆಗಲಿ ಇಂತಹ ಸರಳನ್ನು ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಪಾರದರ್ಶಕತೆ ಮತ್ತು ಬಡಿತ ತಾಳುವ ಗುಣ ಇಲ್ಲಿ ನಿಜವಾಗಿಯೂ ಬೇಕೆ, ಅಥವಾ ಮರವೋ ಕಬ್ಬಿಣವೋ ಸಾಕೆ? ಸುಣ್ಣ, ಹಬೆ, ಪೆಟ್ರೋಲ್, ಬಿಸಿಲುಗಳಿಂದ ಅದು ದೂರವಿರುವುದೆ? ಕೊಳವೆಯಿಂದ ಆಗುವ ಕೆಲಸಕ್ಕೆ ಸರಳನ್ನು ಕೊರೆಯುತ್ತಿಲ್ಲವಷ್ಟೆ? ಉದುರುವ ತುರಿಯನ್ನು ಹಿಡಿಯಲು ಲೇತಿನ ಕೆಳಗೆ ತಟ್ಟೆಯೂ, ಕೊಂಡೊಯ್ಯುವ ಗುಜರಿಯವನೂ ಇದ್ದಾನೆಯೆ? ನಾಲ್ಕಕ್ಕೂ ಸಮಾಧಾನಕರ ಉತ್ತರ ದೊರೆತರೆ ಆ ಸರಳು ಹತ್ತಾರು ವರ್ಷ ದುಡಿಯಬಲ್ಲದು. ಅಂತಹ ಬಳಕೆಗೆ ಪರಿಸರ ಚಳವಳಿಯ ವಿರೋಧವಿರಬೇಕಾಗಿಲ್ಲ. ಉತ್ತರ ದೊರೆಯದಿದ್ದರೆ ಸರಳು ಅಂಗಡಿಯಲ್ಲಿಯೇ ಉಳಿಯುವುದು ಒಳಿತು. ವಿದ್ಯಾರ್ಥಿಗಳು ತಮ್ಮೂರಿನ ಲೇತ್ ಅಂಗಡಿಗೊಮ್ಮೆ ಹೋಗಿ, ಅಲ್ಲಿನ ತುರಿ ಮಳೆಗಾಲದಲ್ಲಿ ಎತ್ತ ಹರಿಯುತ್ತದೆಂಬುದನ್ನು ಕಂಡುಬರಲಿ.