ಹೂವಿನಂಗಡಿಯ ಹನ್ನೆರಡು ತಿಂಗಳು

(ಹೂವಿನ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹೂವಿನಿಂದ ನಾರು ಸ್ವರ್ಗಕ್ಕೆ ಹೋಯಿತೆಂದು ಹಿರಿಯರು ಹೇಳಿದರು. ಹೂವನ್ನು ನಾರಿಗೆ ಕಟ್ಟಿದ ಕೈ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಅದನ್ನು ಕೇಳಲೆಂದೇ ನಾವು ಈ ದಿನ ಸೇರಿದ್ದೇವೆ.

ಹೂವಿನಂಗಡಿಯ ಲೆಕ್ಕವೆಲ್ಲ ಪಂಚಾಂಗದಲ್ಲಿದೆ. ವೈಶಾಖದಲ್ಲಿ ಮದುವೆಗಳು ಹೆಚ್ಚು. ಆದರೆ ಮಲ್ಲಿಗೆ ರಾಶಿರಾಶಿ ಬಿರಿಯುವ ಕಾಲವೂ ಅದೇ, ಧಾರಣೆ ಏರದು. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಶ್ರಾವಣದಲ್ಲಿ ವರಮಹಾಲಕ್ಷ್ಮಿಯ ಹಿಂದಿನ ದಿನ ಸೇವಂತಿಗೆ, ಕನಕಾಂಬರಗಳ ಬೆಲೆ ಕೈಗೆಟುಕದು. ಗೌರಿ ಗಣೇಶ ಕಳೆದು ಪಿತೃಪಕ್ಷ ಹೊಕ್ಕೊಡನೆ ಮತ್ತೆ ಇಳಿತ. ಆಯುಧಪೂಜೆಗೆ, ದೀಪಾವಳಿಗೆ ಚೆಂಡುಹೂವಿನ ರಾಶಿ. ಧನುರ್ಮಾಸದಲ್ಲಿ ಮದುವೆಯೂ ಇಲ್ಲ, ಚಳಿಗೆ ಮಲ್ಲಿಗೆಯೂ ಅಪರೂಪ.

ಬೆಲೆ ಏರಿದ ದಿನ ಹೂವಾಡಗಿತ್ತಿ ದುಡ್ಡು ಬಾಚಿಕೊಂಡಳೆಂದು ನಾವೇ ಗೊಣಗುತ್ತೇವೆ. ನಸುಕಿನ ಹರಾಜಿನಲ್ಲಿ ಆಕೆ ಕೊಂಡದ್ದೂ ಏರಿದ ಬೆಲೆಗೇ ಅಲ್ಲವೆ? ಬಟ್ಟೆಯಂಗಡಿಯ ಥಾನು ಈ ಹಬ್ಬಕ್ಕೆ ಹೋಗದಿದ್ದರೆ ಮುಂದಿನ ಹಬ್ಬಕ್ಕೆ ಹೋದೀತು. ಹೂವಿನ ಆಯುಸ್ಸು ಒಂದೆರಡು ದಿನ. ಮಳೆ ಬಿದ್ದರೆ ಅದೂ ಇಲ್ಲ. ಉಳಿದದ್ದು ತಿಪ್ಪೆಗೆ, ನಷ್ಟ ಆಕೆಯ ಮಡಿಲಿಗೆ.

ನಾವು ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟವರು. ಒಂದು ಲೆಕ್ಕ ಕೇಳಿ. ಬೆಳಿಗ್ಗೆ 900 ರೂಪಾಯಿ ಕೊಟ್ಟು ಸಂಜೆ 1,000 ಎಣಿಸಿಕೊಳ್ಳುವವರಿದ್ದಾರೆ. ಹತ್ತು ದಿನಕ್ಕೆ ಬಡ್ಡಿಯೇ ಸಾವಿರ, ಅಸಲಿಗಿಂತ ಹೆಚ್ಚು! ಬಿಸಿಲಲ್ಲಿ ಕುಳಿತವಳು ಆಕೆ, ಲಾಭ ಎಣಿಸಿದವನು ಬೇರೆ.

2020ರಲ್ಲಿ ಯುಗಾದಿಯ ದಿನವೇ, ಮಾರ್ಚ್ 25ರಂದು, ದೇಶಕ್ಕೆಲ್ಲ ಬೀಗ ಬಿತ್ತು. ಗುಡಿಗಳು ಮುಚ್ಚಿದವು, ಮದುವೆಗಳು ನಿಂತವು. ರೈತರು ಹೂವಿನ ಹೊಲವನ್ನೇ ಉತ್ತುಹಾಕಿದರು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು. ಅದು ನ್ಯಾಯವೇ. ಆದರೆ ಬದುಕನ್ನು ಮೊಳದಲ್ಲಿ ಅಳೆಯುವವಳಿಗೆ ಹೆಕ್ಟೇರಿನ ಲೆಕ್ಕ ತಲುಪುವುದು ಹೇಗೆ?

ಆದುದರಿಂದ ಎರಡು ಕೆಲಸಗಳಾಗಬೇಕು. ಮೊದಲನೆಯದು, ಬೀದಿ ವ್ಯಾಪಾರಿಗಳ 2014ರ ಕಾಯಿದೆಯನ್ನು ತಿಳಿಯುವುದು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದೆಂದು ಅದು ಹೇಳುತ್ತದೆ. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳೇ ಆರಿಸಿದವರು ನೂರಕ್ಕೆ 40ಕ್ಕೆ ಕಡಿಮೆಯಿರಬಾರದು. ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಬುಟ್ಟಿ ಎತ್ತೆಂದು ಗದರಿಸುವವನಿಗೆ ಕಾಯಿದೆ ತೋರಿಸಿ.

ಎರಡನೆಯದು, ನಮ್ಮದೇ ಸಹಕಾರ ಸಂಘ. 40 ಮಂದಿ ದಿನಕ್ಕೆ 10 ರೂಪಾಯಿಯಂತೆ 300 ದಿನ ಕೂಡಿಟ್ಟರೆ 1,20,000 ರೂಪಾಯಿ. ಬೆಳಗಿನ ಬಂಡವಾಳ ಅಲ್ಲಿಂದ ಬರಲಿ. ಹರಾಜಿನಲ್ಲಿ ಒಟ್ಟಾಗಿ ಕೊಂಡು ಹಂಚಿಕೊಳ್ಳಿ.

ಗಿರಣಿಯ ಬಂಧುಗಳಿಗೆ ಒಂದು ಮಾತು. ಆಯುಧಪೂಜೆಗೆ ಯಂತ್ರಕ್ಕೆ ಹಾರ ಹಾಕುವಾಗ ಹಾರ ಕಟ್ಟಿದ ಕೈಯನ್ನೂ ನೆನೆಯಿರಿ. ಅದೂ ನಮ್ಮ ಹಾಗೆ ದುಡಿಯುವ ಕೈಯೇ.

ಬಿಡಿ ಹೂವು ಗಾಳಿಗೆ ಹಾರಿಹೋಗುತ್ತದೆ, ಕಟ್ಟಿದರೆ ಮಾಲೆ. ಇದನ್ನು ನಿಮಗೆ ನಾವು ಕಲಿಸಬೇಕೆ, ತಾಯಂದಿರೆ?