ಕೂಪನ್ ಅಲ್ಲ, ಕಂಬಳಿ ಕೊಡಿ!

(ಸಂಸೆಯಲ್ಲಿ ಸೇರಿದ್ದ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಪಿ.ಯು.ಸಿ.ಗೆ ಓದು ನಿಲ್ಲಿಸಿ ಪ್ರೆಸ್ಸಿಗೆ ಬಂದವನು. ಕಂಪ್ಯೂಟರ್ ವಿದ್ಯೆಯ ಬಗ್ಗೆ ನಿಮಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ತಿಂಗಳಾದರೆ ಆರು ಜನರಿಗೆ ಸಂಬಳ ಎಣಿಸಿ ಕೊಡುವವನು ನಾನು. ಆ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಕಡೆಯ ಹುಡುಗನೊಬ್ಬ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದೆ, ತಾನೇ ಪ್ರೋಗ್ರಾಮಿಂಗ್ ಕಲಿತಿದ್ದಾನೆ. ಕೂಡಿಟ್ಟ ಹಣವನ್ನೆಲ್ಲ ಹಾಕಿ ಬೆಂಗಳೂರಿನಲ್ಲಿ ಸ್ವಂತ ಕಂಪನಿ ತೆರೆದಿದ್ದಾನೆ. ಕೆಲಸಗಾರರಿಗೆ ಸಂಬಳದ ಜೊತೆ ಸಿಗುವ ಸವಲತ್ತುಗಳನ್ನು ಮೊಬೈಲಿನಲ್ಲಿ ಕೊಡುವ ಆ್ಯಪ್ ಅದು. ಮಾಲೀಕ ತಿಂಗಳಿಗಿಷ್ಟು ಎಂದು ಕಟ್ಟಬೇಕು. ಕೆಲಸಗಾರನಿಗೆ ಪಿಜ್ಜಾ, ಸಿನಿಮಾ, ಜಿಮ್ಮಿನ ರಿಯಾಯಿತಿ ಕೂಪನ್ ಸಿಗುತ್ತದೆ. "ಹೇಗಿದೆ ಹೇಳಿ ಅಣ್ಣಾ" ಎಂದು ಕೇಳಿದ. ಕೆಲಸ ಕೊಡಿ ಎಂದು ಅಲೆಯದೆ ತಾನೇ ಕೆಲಸ ಹುಟ್ಟಿಸಲು ಹೊರಟ ಕನ್ನಡದ ಹುಡುಗನಿಗೆ ಭೇಷ್ ಎನ್ನಲೇಬೇಕು. ಆದರೆ ಬರೀ ಭೇಷ್ ಎಂದರೆ ಅವನ ಗಂಟು ಉಳಿಯುತ್ತದೆಯೇ?

ಮೊದಲ ಮಾತು. ಸವಲತ್ತು ಎನ್ನುವುದು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಹುಟ್ಟಿದ್ದಲ್ಲ! ಈ ಸಂಸೆಯ ಟೀ ತೋಟ, ಕಳಸ, ಮೂಡಿಗೆರೆಯ ಕಾಫಿ ತೋಟಗಳನ್ನು ನೋಡಿ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಲೈನ್ ಮನೆ, ಕುಡಿಯುವ ನೀರು, ಔಷಧೋಪಚಾರ ಇದ್ದವು. 50 ಹೆಣ್ಣಾಳುಗಳಿದ್ದರೆ ಕೂಸುಗಳನ್ನು ನೋಡಿಕೊಳ್ಳುವ ಕೋಣೆ, 150 ಜನರಿದ್ದರೆ ಕ್ಯಾಂಟೀನ್ ಎಂಬ ಲೆಕ್ಕವಿತ್ತು. ಕೊಡೆ, ಕಂಬಳಿ, ಮಳೆಯಂಗಿ ಕೊಡಿಸುವ ನಿಯಮ ಮಾಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಬರೆದದ್ದೆಲ್ಲ ಎಲ್ಲ ತೋಟದಲ್ಲೂ ಸಿಕ್ಕಿತೆಂದು ನಾನು ಹೇಳುವುದಿಲ್ಲ. ಆದರೆ ಕಾನೂನಿನಲ್ಲಿ ಕಂಬಳಿ ಎಂಬ ಮಾತು ಯಾಕೆ ಬಂತು? ಬರೆದವನು ಮಳೆಯನ್ನು ನೆನೆದಿದ್ದ! ಆಳಿಗೆ ಏನು ಬೇಕೆಂಬುದನ್ನು ಅವನ ಕೆಲಸವೇ ಹೇಳುತ್ತದೆ. ದಿನವಿಡೀ ಕಾಗದದ ರೀಮು ಎತ್ತುವ ನನ್ನ ಬೈಂಡರನಿಗೆ ಜಿಮ್ಮಿನ ಕೂಪನ್ ಯಾಕಪ್ಪಾ?

ಎರಡನೆಯದು. ಯಾರಿಗೆ ಮಾರುತ್ತೀಯ? ದೊಡ್ಡ ಕಂಪನಿಗಳ ಬಾಗಿಲಲ್ಲಿ ಆಗಲೇ ದೊಡ್ಡವರು ನಿಂತಿದ್ದಾರೆ. ಸಣ್ಣವರತ್ತ ನೋಡು. ಸಾಮಾನ್ಯವಾಗಿ ಇ.ಎಸ್.ಐ.ಗೆ 10 ಜನ ಕೆಲಸಗಾರರಿರಬೇಕು, ಪಿ.ಎಫ್.ಗೆ 20 ಜನ. ಆರು ಜನರ ಪ್ರೆಸ್ಸು, ನಾಲ್ಕು ಜನರ ಗ್ಯಾರೇಜು, ಐದು ಜನರ ಹೋಟೆಲು ಎರಡರಿಂದಲೂ ಹೊರಗೆ! ಇಂಥವರಿಗೆ ದಾರಿಯಿಲ್ಲವೇ? ಇದೆ. ವರ್ಷಕ್ಕೆ 20 ರೂಪಾಯಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ 2 ಲಕ್ಷದ ಅಪಘಾತ ವಿಮೆ. 436 ರೂಪಾಯಿಗೆ ಜೀವನಜ್ಯೋತಿ ಬಿಮಾದಲ್ಲಿ 2 ಲಕ್ಷದ ಜೀವ ವಿಮೆ. ಎರಡೂ ಸೇರಿ ಒಬ್ಬನಿಗೆ 456, ಆರು ಜನರಿಗೆ 2,736 ರೂಪಾಯಿ. ಈ ಹಣವನ್ನು ಯಾವ ಮಾಲೀಕ ಕೊಡಲಾರ? ಕಂತು ಕೆಲಸಗಾರನ ಸ್ವಂತ ಬ್ಯಾಂಕ್ ಖಾತೆಯಿಂದ ಮೇ ಕೊನೆಯಲ್ಲಿ ಕಡಿತವಾಗುತ್ತದೆ. ಆ ದಿನ ಖಾತೆ ಖಾಲಿಯಿದ್ದರೆ ವಿಮೆ ಹೋಯಿತು. ಮೇ 20ಕ್ಕೆ ಮಾಲೀಕನಿಗೆ "ಹಣ ಹಾಕಿ" ಎಂದೂ, ಕೆಲಸಗಾರನಿಗೆ "ಖಾತೆ ನೋಡಿಕೊಳ್ಳಿ" ಎಂದೂ ಎಚ್ಚರಿಸುವ ಆ್ಯಪ್ ಮಾಡು. ಅದಕ್ಕೆ ನಾನು ದುಡ್ಡು ಕೊಡುತ್ತೇನೆ!

ಮೂರನೆಯದು. ಇಲ್ಲಿಂದ ಕಾರ್ಕಳದ ರಸ್ತೆ ಹಿಡಿದರೆ ಕುದುರೆಮುಖ ಸಿಗುತ್ತದೆ. ಕಬ್ಬಿಣದ ಅದಿರಿನ ಕಂಪನಿ ಅಲ್ಲಿ ಊರನ್ನೇ ಕಟ್ಟಿತ್ತು. ಮನೆ, ಶಾಲೆ, ಆಸ್ಪತ್ರೆ, ಏನಿರಲಿಲ್ಲ? ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಕಾಡು ಉಳಿಯಬೇಕಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಕೆಲಸದ ಜೊತೆಗೆ ಕೊಟ್ಟ ಮನೆ ಕೆಲಸದ ಜೊತೆಗೇ ಹೋಯಿತು. ನೆನಪಿಡಿ: ಕಂಪನಿಯ ಹೆಸರಿನಲ್ಲಿರುವ ಸವಲತ್ತು ಕಂಪನಿ ಇರುವ ತನಕ; ಕೆಲಸಗಾರನ ಹೆಸರಿನಲ್ಲಿರುವುದು ಅವನು ಹೋದಲ್ಲಿಗೆ ಬರುತ್ತದೆ. ನಮ್ಮ ಹುಡುಗನ ಆ್ಯಪ್‌ನಲ್ಲಿ ಕೆಲಸ ಬಿಟ್ಟ ದಿನವೇ ಎಲ್ಲ ಅಳಿಸಿಹೋಗುತ್ತದೆ. ಅದು ಆಗಬಾರದು!

ನಾಲ್ಕನೆಯದು ಭಾಷೆ. ಆ್ಯಪ್ ತೆರೆದರೆ ತುದಿಯಿಂದ ಬುಡದವರೆಗೆ ಇಂಗ್ಲಿಷ್! ಷರತ್ತು ಓದಲಾರದವನು "ಒಪ್ಪಿಗೆ" ಗುಂಡಿ ಒತ್ತಿದರೆ ಅದು ಒಪ್ಪಿಗೆಯೇ? ಗ್ರಾಹಕನ ಮಾಹಿತಿಗೆ ಒಪ್ಪಿಗೆ ಕೇಳುವಾಗ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೇ ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಆ ಅನುಸೂಚಿಯಲ್ಲಿ ಕನ್ನಡವಿದೆ. ಹಾಗಾದರೆ ಕನ್ನಡದಲ್ಲಿ ಮಾಡುವುದು ಉಪಕಾರವಲ್ಲ, ಕರ್ತವ್ಯ. ಇನ್ನೊಂದು: ನನ್ನ ಕೆಲಸಗಾರ ಯಾವ ಔಷಧಿ ಕೊಂಡ, ಎಲ್ಲಿ ಸಾಲ ಮಾಡಿದ ಎಂಬುದು ಮಾಲೀಕನಾದ ನನಗೆ ಕಾಣಲೇಬಾರದು. ತೋರಿಸುತ್ತೇನೆಂದರೂ ನಾನು ಬೇಡವೆನ್ನುತ್ತೇನೆ.

ಇದನ್ನೆಲ್ಲ ಹುಡುಗನಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದ್ದೇನೆ. ಬೇಸರ ಮಾಡಿಕೊಳ್ಳಲಿಲ್ಲ, ಬರೆದುಕೊಂಡ. ತಾನೇ ಕಲಿತವನಿಗೆ ತಿದ್ದಿಕೊಳ್ಳುವ ಅಭ್ಯಾಸವೂ ಇರುತ್ತದೆ. ಅದೇ ಅವನ ದೊಡ್ಡ ಬಂಡವಾಳ.

ಬೆಂಗಳೂರಿನಲ್ಲಿ ದುಡಿಯುವ ಗೆಳೆಯರೇ, ನಿಮಗೂ ಒಂದು ಕೆಲಸವಿದೆ. ನಾಳೆ ಆಫೀಸಿಗೆ ಹೋದಾಗ ಬಾಗಿಲು ಕಾಯುವವನನ್ನು, ನೆಲ ಒರೆಸುವ ಅಕ್ಕನನ್ನು ಕೇಳಿ: ನಿಮ್ಮ ಇ.ಎಸ್.ಐ. ಸಂಖ್ಯೆ ಗೊತ್ತೇ? ಪಿ.ಎಫ್. ಎಷ್ಟು ಜಮೆಯಾಗಿದೆ? ಗೊತ್ತಿಲ್ಲವೆಂದರೆ ಅವರ ಪಕ್ಕ ಕುಳಿತು, ಅವರ ಮೊಬೈಲಿನಲ್ಲೇ, ಅವರಿಗೆ ತಿಳಿಯುವ ಮಾತಿನಲ್ಲಿ ತೋರಿಸಿಕೊಡಿ. ಪ್ರೋಗ್ರಾಮಿಂಗ್ ಬಲ್ಲವರು ಆಮೇಲೆ ಆ್ಯಪ್ ಬರೆಯಿರಿ.