ನದಿಯ ತಳದಲ್ಲಿ ಉಪ್ಪುನೀರು

ನದಿ ಸಮುದ್ರವನ್ನು ಸೇರುತ್ತದೆಂದು ನಾವು ಹೇಳುತ್ತೇವೆ. ಸಮುದ್ರವೂ ನದಿಯೊಳಕ್ಕೆ ಬರುವುದುಂಟು. ನಮ್ಮ ಕರಾವಳಿಯವರಿಗೆ ಇದು ಹೊಸ ಮಾತಲ್ಲ. ಬೇಸಗೆಯಲ್ಲಿ ಹೊಳೆ ಬಡವಾದಾಗ ಭರತದ ನೀರು ಒಳನುಗ್ಗಿ ಹೊಳೆಯೇ ಉಪ್ಪಾಗುವುದನ್ನು ಅವರು ಬಲ್ಲರು. ಆದರೆ ಅದು ಬರುವ ದಾರಿ ಕಣ್ಣಿಗೆ ಬೀಳದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಅದು ಸಿಹಿನೀರಿಗಿಂತ ಭಾರ. ಆದುದರಿಂದಲೇ ಸಿಹಿನೀರಿನ ಅಡಿಗೆ ನುಸುಳಿ, ಬೆಣೆಯಂತೆ ಮೊನೆಯನ್ನು ಚಾಚಿ, ತಳವನ್ನೇ ಹಿಡಿದು ತೆವಳುತ್ತದೆ. ಮೇಲೆ ಹೊಳೆ ಕಡಲಿಗೆ. ಅಡಿಯಲ್ಲಿ ಕಡಲು ಹೊಳೆಗೆ!

ಇದನ್ನು ನೀವು ಮನೆಯಲ್ಲೇ ಮಾಡಿನೋಡಬಹುದು. ಉದ್ದನೆಯ ಗಾಜಿನ ತೊಟ್ಟಿಯ ನಡುವೆ ಹಲಗೆಯೊಂದನ್ನು ಅಡ್ಡವಾಗಿ ನಿಲ್ಲಿಸಿ, ಒಂದು ಕಡೆ ಸಿಹಿನೀರನ್ನೂ ಇನ್ನೊಂದು ಕಡೆ ಶಾಯಿ ಬೆರೆಸಿದ ಉಪ್ಪುನೀರನ್ನೂ ಸಮಮಟ್ಟಕ್ಕೆ ತುಂಬಿ, ಹಲಗೆಯನ್ನು ಮೆಲ್ಲನೆ ಎತ್ತಿರಿ. ನೀಲಿಯ ನಾಲಗೆಯೊಂದು ತಳದಲ್ಲಿ ಓಡುತ್ತದೆ. ಇನ್ನೊಮ್ಮೆ ತಳಕ್ಕೆ ಜೇಡಿಮಣ್ಣು ಮೆತ್ತಿ, ಪೊರಕೆಕಡ್ಡಿಗಳನ್ನು ಒತ್ತೊತ್ತಾಗಿ ನೆಟ್ಟು ನೋಡಿರಿ. ಓಟ ನಿಧಾನವಾಗುತ್ತದೆ, ಉಬ್ಬಿದ ಮೂತಿ ಹೋಗಿ ಇಳಿಜಾರಿನ ಮೊನೆಯಾಗುತ್ತದೆ. ನೀರೊಳಗಿನ ಹುಲ್ಲೂ ಜೊಂಡೂ ಮಾಡುವ ಕೆಲಸ ಇದೇ. ಆದರೆ ಹುಲ್ಲು ದಡದ ಬದಿಗೆ ಮಾತ್ರ ಬೆಳೆದು ನಡುವೆ ಬಯಲಿದ್ದರೆ, ಉಪ್ಪುನೀರು ಆ ಬಯಲನ್ನೇ ಹಾದಿ ಮಾಡಿಕೊಳ್ಳುತ್ತದೆ. ಕಡ್ಡಿಗಳ ಬದಲು ಮಣ್ಣಿನ ಬದುವೊಂದನ್ನು ಅಡ್ಡ ಹಾಕಿದರೋ, ಹಿಂದೆ ತುಂಬಿ ಮೇಲೇರುವವರೆಗೂ ಅದರ ಬಹುಪಾಲು ಅಲ್ಲೇ ನಿಲ್ಲುತ್ತದೆ.

ಈ ಬದುವನ್ನೇ ಅಮೆರಿಕದವರು ಮಿಸಿಸಿಪ್ಪಿ ನದಿಯಲ್ಲಿ ಹಾಕಿದ್ದಾರೆ. ಆ ನದಿಯ ತಳ ಕಡಲ ಮುಖದಿಂದ ಬಹುದೂರದವರೆಗೆ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಸಾಲದುದಕ್ಕೆ ಹಡಗುಗಳಿಗಾಗಿ ಅಗೆದು ಇನ್ನೂ ಆಳ ಮಾಡಿದ್ದಾರೆ. ಮಳೆ ತಪ್ಪಿ ಪ್ರವಾಹ ತಗ್ಗಿದ ವರ್ಷ ಉಪ್ಪಿಗೆ ಅದು ರಾಜಮಾರ್ಗ. ಅಷ್ಟು ಆಳದಲ್ಲಿ ಹುಲ್ಲಿನ ನೆರವೂ ಇಲ್ಲ. 1988ರಲ್ಲಿ ತಳದ ಹೂಳನ್ನೇ ಎತ್ತಿ ನೀರೊಳಗೆ ಅಡ್ಡಬದು ಕಟ್ಟಿದರು. ಕಟ್ಟೆಯೆಂದರೆ ತಲೆಯೆತ್ತಿ ನೋಡಿ ಅಭ್ಯಾಸವಾದ ನಮಗೆ, ಕಣ್ಣಿಗೇ ಕಾಣದ ಈ ಕಟ್ಟೆ ಸೋಜಿಗವೇ ಸರಿ.

2023ರ ಜುಲೈಯಲ್ಲಿ ಹಾಕಿದ ಬದುವನ್ನು ಉಪ್ಪುನೀರು ಸೆಪ್ಟೆಂಬರಿನಲ್ಲಿ ದಾಟಿಯೇಬಿಟ್ಟಿತು. ಕೆಳಗಣ ಊರುಗಳಲ್ಲಿ ನಲ್ಲಿಯ ನೀರು ಉಪ್ಪಾಗಿ, ಜನರಿಗೆ ಬಾಟಲಿಯ ನೀರನ್ನು ಹಂಚಬೇಕಾಯಿತು. ನ್ಯೂ ಆರ್ಲಿಯನ್ಸ್ ನಗರಕ್ಕೂ ದಿಗಿಲು ಹತ್ತಿತು. ಬದುವನ್ನು 25 ಅಡಿ ಎತ್ತರಿಸಿದರು. ಆದರೆ ಹಡಗು ನಿಲ್ಲುವಂತಿಲ್ಲವಲ್ಲ, ನಡುವೆ ಆಳವಾದ ಕಂಡಿಯೊಂದನ್ನು ಬಿಟ್ಟರು! ಆ ಸಲ ಉಪ್ಪು ನಗರವನ್ನು ಮುಟ್ಟಲಿಲ್ಲ. ನದಿ ತುಂಬಿ ಬಂದಾಗ ಈ ಬದು ತಾನೇ ಕೊಚ್ಚಿಹೋಗುತ್ತದೆ. ಮುಂದಿನ ಬರಕ್ಕೆ ಮತ್ತೆ ಹಾಕಬೇಕು.